ಸಿಲಿಂಡರ್ ಪವರ್ ಕೊಟ್ಟ ಜಾರ್ಜ್ ಏರಿ

ನಮ್ಮಲ್ಲಿ ತುಂಬಾ ಜನರ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್, ಆ್ಯಕ್ಸಿಸ್ ಅಂತ ಎರಡು ಕಾಲಂ ಇರುತ್ತೆ. ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಟ್ಟುಬಿಡೋಣ ಅಂತ ಯೋಚಿಸ್ತಿರೋರೂ ಇದ್ದೇವೆ. ಆ ಕಾಲಂಗಳ ಹಿಂದೆ ಇರೋರು ಜಾರ್ಜ್ ಬಿಡೆಲ್ ಏರಿ.

ಏರಿ ಹುಟ್ಟಿದ್ದು 1801ರಲ್ಲಿ, ಇಂಗ್ಲೆಂಡಿನಲ್ಲಿ. ತೆರಿಗೆ ಇಲಾಖೆಯಲ್ಲಿದ್ದ ತಂದೆ ಕೆಲಸ ಕಳೆದುಕೊಂಡ ಮೇಲೆ ಮನೆಯಲ್ಲಿ ದುಡ್ಡಿಗೆ ಕಷ್ಟವಾಯಿತು. 1819ರಲ್ಲಿ ಫೀಸ್ ರಿಯಾಯಿತಿ ಪಡೆದು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು ಸೇರಿದರು. 1823ರಲ್ಲಿ ಗಣಿತದಲ್ಲಿ ಇಡೀ ಯೂನಿವರ್ಸಿಟಿಗೇ ಫಸ್ಟ್ ಬಂದರು.

ಆದರೆ ಅವರ ಎಡಗಣ್ಣು ಓದೋಕೆ ಉಪಯೋಗಕ್ಕೇ ಬರ್ತಿರಲಿಲ್ಲ. ಮಾಮೂಲಿ ಲೆನ್ಸ್‌ನಿಂದಲೂ ಸರಿಹೋಗಲಿಲ್ಲ. ಆಗ ಏರಿ ಒಂದು ಕಾರ್ಡಿಗೆ ಸೂಜಿಯಿಂದ ತೂತು ಮಾಡಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ಸರಿಸಿ ನೋಡಿದರು. 6 ಇಂಚು ದೂರದಲ್ಲಿ ಆ ಚುಕ್ಕಿ ಒಂದು ಗೆರೆಯಾಗಿ ಕಂಡಿತು. ಮೂರೂವರೆ ಇಂಚಿನಲ್ಲಿ ಅದಕ್ಕೆ ಲಂಬವಾದ ಇನ್ನೊಂದು ಗೆರೆ! ಅಂದರೆ ಒಂದೇ ಕಣ್ಣಿಗೆ ಎರಡು ದಿಕ್ಕಿನಲ್ಲಿ ಎರಡು ಫೋಕಸ್. ಇದೇ ಅಸ್ಟಿಗ್ಮ್ಯಾಟಿಸಂ.

ಈ ದೋಷವನ್ನು ಮೊದಲೇ ತಮ್ಮ ಕಣ್ಣಲ್ಲಿ ಅಳೆದವರು ಥಾಮಸ್ ಯಂಗ್. ಹೌದು, ನಮ್ಮ ಯಂಗ್ಸ್ ಮಾಡ್ಯುಲಸ್‌ನ ಯಂಗ್ ಅವರೇ. ಏರಿ ಅಳತೆಯಿಂದ ಲೆಕ್ಕ ಹಾಕಿ, ಒಂದು ಮೈ ಗೋಳದ ಹಾಗೆ, ಇನ್ನೊಂದು ಮೈ ಸಿಲಿಂಡರ್ ಹಾಗೆ ತಗ್ಗಾಗಿರೋ ಲೆನ್ಸ್ ಮಾಡಿಸಿದರು. ಎಡಗಣ್ಣಿಗೂ ಅಕ್ಷರ ಕಂಡವು. 1825ರಲ್ಲಿ ಇದನ್ನು ಪ್ರಬಂಧವಾಗಿ ಮಂಡಿಸಿದಾಗ ಅವರಿಗೆ ಬರೀ 23 ವರ್ಷ.

ಮುಂದೆ 1835ರಿಂದ 1881ರವರೆಗೆ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು. ಅಲ್ಲಿ ಅವರು ನಿಲ್ಲಿಸಿದ ದೂರದರ್ಶಕದ ಮೂಲಕ ಹೋಗುವ ರೇಖೆಯೇ 1884ರಲ್ಲಿ ಜಗತ್ತಿನ ಸೊನ್ನೆ ಡಿಗ್ರಿ ರೇಖಾಂಶವಾಯಿತು. ಎಲಾಸ್ಟಿಸಿಟಿ ಓದೋರಿಗೆ ಏರಿ ಸ್ಟ್ರೆಸ್ ಫಂಕ್ಷನ್ ಕೂಡ ಗೊತ್ತಿರುತ್ತೆ. ಇಷ್ಟೆಲ್ಲಾ ಕೆಲಸದ ನಡುವೆಯೂ ತಮ್ಮ ಎಡಗಣ್ಣನ್ನು ದಶಕಗಳ ಕಾಲ ಮತ್ತೆ ಮತ್ತೆ ಅಳೆದು ಬರೆದಿಟ್ಟರು. 1892ರಲ್ಲಿ ತೀರಿಕೊಂಡರು.

ಇವತ್ತು ಲೇಸರ್ ಮಾಡೋದೂ ಏರಿಯವರ ಲೆನ್ಸ್ ಮಾಡಿದ ಕೆಲಸವನ್ನೇ. ಎರಡು ದಿಕ್ಕಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕಾರ್ನಿಯಾವನ್ನು ತೆಳುವಾಗಿ ಕೊರೆದು ಫೋಕಸ್ ಒಂದು ಮಾಡುತ್ತೆ. ಕನ್ನಡಕವಾದರೆ ಬದಲಾಯಿಸಬಹುದು, ಕೊರೆದ ಕಾರ್ನಿಯಾ ಮತ್ತೆ ಬೆಳೆಯಲ್ಲ. ಅದಕ್ಕೇ ಡಾಕ್ಟರ್‌ಗಳು ಪವರ್ ನಿಂತಿದೆಯಾ, ಕಾರ್ನಿಯಾ ಸಾಕಷ್ಟು ದಪ್ಪ ಇದೆಯಾ ಅಂತ ಮೊದಲು ನೋಡ್ತಾರೆ. ನಮ್ಮ ವಯಸ್ಸಲ್ಲಿ ಪವರ್ ಇನ್ನೂ ಏರ್ತಾ ಇರಬಹುದು. ಹಾಗಾಗಿ ಹಳೇ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳೋಣ. ಸರ್ಜರಿಗೆ ಮುಂಚೆ ಆ ಅಳತೆಗಳೇ ಬೇಕಾಗೋದು.