ಎರಡು ಸಿಲಿಂಡರುಗಳ ಹಿಂದಿನ ಮನುಷ್ಯ

ಸರ್ಕಾರಿ ಸೇವೆಯಲ್ಲಿದ್ದಾಗ ಸಣ್ಣ ಕೈಗಾರಿಕೆಗಳ ಪರಿಶೀಲನೆಗೆ ಹೋದಲ್ಲೆಲ್ಲ ಒಂದು ದೃಶ್ಯ ನನ್ನ ಕಣ್ಣಿಗೆ ಬೀಳುತ್ತಿತ್ತು. ಷೆಡ್ಡಿನ ಮೂಲೆಯಲ್ಲಿ ಸರಪಳಿಯಿಂದ ಬಿಗಿದ ಎರಡು ಸಿಲಿಂಡರುಗಳು: ಕಪ್ಪು ಬಣ್ಣದ್ದು ಆಮ್ಲಜನಕದ್ದು, ಕಡುಗೆಂಪಿನದು ಅಸಿಟಿಲೀನಿನದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವು ವೆಚ್ಚದ ಪಟ್ಟಿಯ ಎರಡು ಸಾಲುಗಳಷ್ಟೇ ಆಗಿದ್ದವು. ಆ ಎರಡೂ ಅನಿಲಗಳ ಚರಿತ್ರೆಯಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋಡ್‌ನ ಹೆಸರಿದೆಯೆಂದು ತಿಳಿದದ್ದು ನಿವೃತ್ತಿಯ ನಂತರದ ಓದಿನಿಂದ.

ಕ್ಲೋಡ್ ಜನಿಸಿದ್ದು 1870ರಲ್ಲಿ, ಪ್ಯಾರಿಸ್ಸಿನಲ್ಲಿ. ಅಸಿಟಿಲೀನನ್ನು ಆಮ್ಲಜನಕದೊಡನೆ ಉರಿಸಿದರೆ 3,000 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವಾಲೆ ದೊರೆಯುತ್ತದೆಂದು 1895ರಲ್ಲಿ ವಿಜ್ಞಾನಿ ಲ ಶಾತಲಿಯೆ ತೋರಿಸಿದ್ದ. ಆದರೆ ಒತ್ತಡದಲ್ಲಿ ತುಂಬಿದ ಅಸಿಟಿಲೀನ್ ಗಾಳಿಯ ಸಂಪರ್ಕವಿಲ್ಲದೆಯೂ ಸಿಡಿಯುತ್ತದೆ. ಅದನ್ನು ಅಸಿಟೋನ್ ದ್ರವದಲ್ಲಿ ಕರಗಿಸಿಟ್ಟರೆ ಅಪಾಯ ತಗ್ಗುವುದೆಂಬುದನ್ನು ಕ್ಲೋಡ್ ತನ್ನ ಸಹೋದ್ಯೋಗಿ ಹೆಸ್ ಜೊತೆಗೂಡಿ ಆ ದಶಕದಲ್ಲಿಯೇ ಕಂಡುಕೊಂಡ. ಇಂದಿಗೂ ಆ ಸಿಲಿಂಡರಿನೊಳಗೆ ಸರಂಧ್ರ ಪದಾರ್ಥವೂ ಅದು ಹೀರಿಕೊಂಡ ಅಸಿಟೋನೂ ಇರುತ್ತವೆ. ಸಿಲಿಂಡರನ್ನು ಮಲಗಿಸಿ ಬಳಸಬಾರದೆಂದು ಬೆಸುಗೆಗಾರರು ಎಚ್ಚರಿಸುವುದು ಅಸಿಟೋನ್ ಹೊರಹರಿಯದಿರಲೆಂದೇ.

ಉಳಿದದ್ದು ಅಗ್ಗದ ಆಮ್ಲಜನಕದ ಪ್ರಶ್ನೆ. ಜರ್ಮನಿಯ ಲಿಂಡೆ ಒತ್ತಿದ ಗಾಳಿಯನ್ನು ಕವಾಟದ ಮೂಲಕ ಹಿಗ್ಗಿಸಿ ದ್ರವವಾಗಿಸಿದ್ದ. ಕ್ಲೋಡ್ ಅದೇ ಗಾಳಿಯಿಂದ ಎಂಜಿನ್ನಿನ ಪಿಸ್ಟನ್ನನ್ನು ತಳ್ಳಿಸಿದ. ಕೆಲಸ ಮಾಡಿ ಶಕ್ತಿ ಕಳೆದುಕೊಂಡ ಗಾಳಿ ಮತ್ತಷ್ಟು ತಣ್ಣಗಾಗುತ್ತಿತ್ತು. 1902ರಲ್ಲಿ ಆತ ಯಶಸ್ವಿಯಾದ. ಅದೇ ವರ್ಷ ಪಾಲ್ ಡೆಲೋರ್ಮ್‌ನೊಡನೆ ಏರ್ ಲಿಕ್ವಿಡ್ ಕಂಪನಿ ಆರಂಭವಾಯಿತು. ದ್ರವಗಾಳಿಯಲ್ಲಿ ಸಾರಜನಕ ಮೈನಸ್ 196 ಡಿಗ್ರಿಯಲ್ಲಿ, ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿ ಕುದಿಯುವುದರಿಂದ ಅವನ್ನು ಬೇರ್ಪಡಿಸಬಹುದು. ಶುದ್ಧ ಆಮ್ಲಜನಕವಿಲ್ಲದೆ ಜ್ವಾಲೆಯಿಂದ ಉಕ್ಕು ಕತ್ತರಿಸುವುದು ಸಾಧ್ಯವಿಲ್ಲ. ಜ್ವಾಲೆ ಉಕ್ಕನ್ನು ಕೆಂಪಗೆ ಕಾಯಿಸುತ್ತದೆ, ಅಷ್ಟೇ. ಬಳಿಕ ಹಾಯಿಸಿದ ಆಮ್ಲಜನಕದ ಧಾರೆಯಲ್ಲಿ ಕಬ್ಬಿಣವೇ ಉರಿದು ಸೀಳುತ್ತದೆ.

ಗಾಳಿಯಿಂದ ಉಳಿದ ನಿಯಾನನ್ನೂ ಕ್ಲೋಡ್ ವ್ಯರ್ಥಮಾಡದೆ 1910ರಲ್ಲಿ ನಿಯಾನ್ ದೀಪವನ್ನು ಪ್ರದರ್ಶಿಸಿದ. ಸಮುದ್ರದ ಮೇಲ್ಪದರ ಮತ್ತು ಆಳದ ನೀರಿನ ತಾಪವ್ಯತ್ಯಾಸದಿಂದ 1930ರಲ್ಲಿ ಕ್ಯೂಬಾದಲ್ಲಿ 22 ಕಿಲೋವ್ಯಾಟ್ ವಿದ್ಯುತ್ ತೆಗೆದ. ಪಂಪುಗಳು ಅದಕ್ಕಿಂತ ಹೆಚ್ಚನ್ನು ನುಂಗಿದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಪ್ರಜಾಪ್ರಭುತ್ವದಲ್ಲಿ ನಂಬಿಕೆಯಿಲ್ಲದ ಬಲಪಂಥೀಯ ರಾಜಕೀಯಕ್ಕೆ ಒಲಿದಿದ್ದ ಕ್ಲೋಡ್, ಜರ್ಮನಿಯು ಫ್ರಾನ್ಸನ್ನು ಆಕ್ರಮಿಸಿಕೊಂಡಾಗ ನಾಜಿಗಳೊಡನೆ ಸಹಕರಿಸುವಂತೆ ಭಾಷಣ, ಬರಹಗಳ ಮೂಲಕ ಬಹಿರಂಗವಾಗಿ ಪ್ರಚಾರ ಮಾಡಿದ. 1944ರಲ್ಲಿ ವಿಜ್ಞಾನ ಅಕಾಡೆಮಿ ಆತನನ್ನು ಹೊರಹಾಕಿತು. 1945ರಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಕೆಲವು ವರ್ಷಗಳ ಬಳಿಕ ಬಿಡುಗಡೆಗೊಂಡ ಆತ 1960ರಲ್ಲಿ ತೀರಿಕೊಂಡ.

ಈ ಜೀವನ ನನ್ನನ್ನು ಕಾಡುವುದಕ್ಕೆ ವೈಯಕ್ತಿಕ ಕಾರಣವೂ ಇದೆ. ಒಂದು ವಿಷಯದಲ್ಲಿ ನಿಪುಣನೆಂಬ ಒಂದೇ ಕಾರಣಕ್ಕೆ, ಇನ್ನೊಂದು ವಿಷಯದಲ್ಲಿಯೂ ಅಂಥವರ ಮಾತನ್ನು ಪರೀಕ್ಷಿಸದೆ ನಾನು ಕಡತಗಳಲ್ಲಿ ಒಪ್ಪಿದ್ದುಂಟು. ಪರಿಣತಿ ವಿವೇಕಕ್ಕೆ ಜಾಮೀನಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೆಯ ಅಲೆ ಎದ್ದಾಗ ಕೈಗಾರಿಕೆಗಳ ಆಮ್ಲಜನಕವನ್ನು ನಮ್ಮ ದೇಶ ಆಸ್ಪತ್ರೆಗಳತ್ತ ತಿರುಗಿಸಿತು. ಗಾಳಿಯನ್ನು ತಣಿಸಿ ಬೇರ್ಪಡಿಸುವ ವಿದ್ಯೆ ಅಂದು ಅನೇಕರ ಉಸಿರಿಗೆ ಆಸರೆಯಾಯಿತು. ಆ ವಿದ್ಯೆಯನ್ನು ಬೆಳೆಸಿದವರಲ್ಲಿ ಕ್ಲೋಡ್ ಒಬ್ಬ ಎಂಬ ಋಣವನ್ನು ನಾವು ಮರೆಯಬೇಕಿಲ್ಲ. ಆತನ ಅಪರಾಧದ ಲೆಕ್ಕದಲ್ಲಿ ಅದನ್ನು ವಜಾ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಎರಡು ಖಾತೆಗಳನ್ನು ಪ್ರತ್ಯೇಕವಾಗಿಯೇ ಬರೆದಿಡುವುದು ನ್ಯಾಯವೆಂದು ನನಗೆ ತೋರುತ್ತದೆ.