ಹೆಬ್ಬೆರಳಿನಲ್ಲಿ ನುಡಿಸಿದ ವೆಸ್

ದಾವಣಗೆರೆ ಬಿಟ್ಟು ಮುಂಬೈ ಸೇರಿ ಹನ್ನೆರಡು ವರ್ಷವಾಯಿತು. ಅಂಧೇರಿಯ ಒಂದು ಪುಟ್ಟ ಸ್ಟುಡಿಯೊದಲ್ಲಿ ಸೌಂಡ್ ಎಂಜಿನಿಯರ್ ನಾನು. ಕಳೆದ ಮಳೆಗಾಲದಲ್ಲಿ ಒಂದು ಜಾಹೀರಾತಿನ ಹಾಡು ಮೂರು ಸಲ ವಾಪಸ್ ಬಂತು. ಮೂರು ಸಲವೂ ದೂರು ಒಂದೇ, ಗಿಟಾರ್ ಕಿವಿಗೆ ಚುಚ್ಚುತ್ತಿದೆ. ನಾಲ್ಕನೇ ಸಲವೂ ಹಾಗೇ ಆದರೆ ಕೆಲಸ ಬೇರೆಯವರಿಗೆ ಹೋಗುವುದಿತ್ತು.

ದೂರು ಸುಳ್ಳಲ್ಲ. 2ರಿಂದ 5 ಕಿಲೋಹರ್ಟ್ಜ್ ನಡುವೆ ನಮ್ಮ ಕಿವಿ ಬಲು ಸೂಕ್ಷ್ಮ, ಎಲೆಕ್ಟ್ರಿಕ್ ಗಿಟಾರಿನ ಕರ್ಕಶವೆಲ್ಲ ಅಲ್ಲೇ ಬಂದು ಕೂರುತ್ತದೆ. ಗಿಟಾರ್ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲಿನದ್ದನ್ನು ತಾನಾಗಿಯೇ ಸೋಸಿಬಿಡುತ್ತದೆ. ನಾವು ಜಾಗ, ಸಮಯ ಎರಡೂ ಇಲ್ಲವೆಂದು ನೇರ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದ್ದೆವು. ಈಕ್ವಲೈಸರಿನಲ್ಲಿ ಕಡಿದೆ, ಗಿಟಾರ್ ಕಂಬಳಿ ಹೊದ್ದಂತಾಯಿತು. ಸ್ವಲ್ಪ ಬಿಟ್ಟೆ, ಮತ್ತೆ ಚುಚ್ಚಿತು. ಮಗು ಮಲಗಿದ ಮೇಲೆ ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತರೆ ಒಂದು ಗಂಟೆಯೊಳಗೆ ಕಿವಿ ದಣಿದು, ಯಾವುದು ಚೂಪು ಯಾವುದು ಮೊಂಡು ತಿಳಿಯುತ್ತಿರಲಿಲ್ಲ. ಅಂಥ ಒಂದು ರಾತ್ರಿ ಎಲ್ಲ ನಿಲ್ಲಿಸಿ ವೆಸ್ ಮಾಂಟ್ಗೊಮರಿಯ ಹಳೆಯ ರೆಕಾರ್ಡ್ ಹಾಕಿದೆ.

ವೆಸ್ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಅಣ್ಣ ಮಂಕ್ ಕೊಡಿಸಿದ ನಾಲ್ಕು ತಂತಿಯ ಗಿಟಾರಿನಿಂದ ಶುರು. ಇಪ್ಪತ್ತರ ಹತ್ತಿರ, ಆಗಷ್ಟೇ ಮದುವೆಯಾಗಿದ್ದಾಗ, ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಎಲೆಕ್ಟ್ರಿಕ್ ಗಿಟಾರ್ ಕೇಳಿದ. ಆರು ತಂತಿಯ ಗಿಟಾರೂ ಆಂಪ್ಲಿಫೈಯರೂ ಮನೆಗೆ ಬಂದವು. ಗುರು ಇಲ್ಲ, ಸ್ವರಲಿಪಿ ಓದಲು ಬರದು (ಕೊನೆಯವರೆಗೂ ಬರಲಿಲ್ಲ). ರೆಕಾರ್ಡ್ ಕೇಳಿ ಕೇಳಿ ಚಾರ್ಲಿಯ ಒಂದೊಂದು ಸ್ವರವನ್ನೂ ಕೈಗಿಳಿಸಿಕೊಂಡ.

ಅಭ್ಯಾಸಕ್ಕೆ ಸಿಗುತ್ತಿದ್ದದ್ದು ದುಡಿಮೆ ಮುಗಿದ ಮೇಲಿನ ರಾತ್ರಿ. ಪ್ಲಾಸ್ಟಿಕ್ ಪಿಕ್‌ನಿಂದ ಮೀಟಿದರೆ ಸದ್ದು ಗೋಡೆ ದಾಟುತ್ತಿತ್ತು. ತಕರಾರು ಎತ್ತಿದ್ದು ನೆರೆಯವರೆಂದು ಕೆಲವರು, ಹೆಂಡತಿಯೆಂದು ಕೆಲವರು ಹೇಳುತ್ತಾರೆ. ನನಗೆ ಎರಡೂ ನಂಬಿಕೆಯೇ. ವೆಸ್ ಪಿಕ್ ಬದಿಗಿಟ್ಟು ಹೆಬ್ಬೆರಳಿನ ಮಾಂಸದಿಂದ ಮೀಟತೊಡಗಿದ. ಗಟ್ಟಿಯಾದ ಪಿಕ್ ತಂತಿಯನ್ನು ಥಟ್ಟನೆ ಬಿಡುತ್ತದೆ, ಆಗ ಮೇಲಿನ ಅನುಸ್ವರಗಳೆಲ್ಲ ಎದ್ದು ಕೂಗುತ್ತವೆ. ಮೆತ್ತನೆಯ ಬೆರಳು ಅಗಲವಾಗಿ ಒತ್ತಿ ನಿಧಾನಕ್ಕೆ ಜಾರುತ್ತದೆ, ಆ ಕೂಗು ಹುಟ್ಟುವುದೇ ಇಲ್ಲ. ಜೊತೆಗೆ ನುಣುಪು ಸುತ್ತಿನ ದಪ್ಪ ತಂತಿ, ಟೊಳ್ಳು ಒಡಲಿನ ಗಿಬ್ಸನ್ ಎಲ್-5. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಸುವ ಅಭ್ಯಾಸವೂ ಬೆಳೆಯಿತು. ಮುಂದೆ ಅದೇ ಅವನ ಗುರುತಾಯಿತು.

1948ರಿಂದ ಎರಡು ವರ್ಷ ಲಯೊನೆಲ್ ಹ್ಯಾಂಪ್ಟನ್ ತಂಡದೊಂದಿಗೆ ಊರೂರು ಸುತ್ತಿದ. ವಿಮಾನವೆಂದರೆ ಭಯ, ಎಷ್ಟೇ ದೂರವಾದರೂ ಕಾರು ಓಡಿಸಿಕೊಂಡೇ ಹೋಗುತ್ತಿದ್ದ. ಮನೆ ಬಿಟ್ಟಿರಲಾಗದೆ ಮರಳಿದ. ಏಳು ಮಕ್ಕಳಾದವು. ಹಗಲು ಕಾರ್ಖಾನೆ, ಸಂಜೆ ಒಂದು ಕ್ಲಬ್, ನಡುರಾತ್ರಿಯ ಮೇಲೆ ಇನ್ನೊಂದು ಕ್ಲಬ್. ಯಾವಾಗ ಮಲಗುತ್ತಿದ್ದನೋ. ಚರ್ಚ್‌ಗೇಟ್ ಲೋಕಲ್‌ನಲ್ಲಿ ನಿಂತೇ ನಿದ್ದೆ ಹೊಡೆಯುವ ನನಗೂ ಅದು ಲೆಕ್ಕಕ್ಕೆ ಸಿಕ್ಕಿಲ್ಲ.

1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವನನ್ನು ಇಂಡಿಯಾನಾಪೊಲಿಸ್‌ನಲ್ಲಿ ಕೇಳಿ ಬೆರಗಾದ. ರಿವರ್‌ಸೈಡ್ ಕಂಪನಿಯ ಆರಿನ್ ಕೀಪ್‌ನ್ಯೂಸ್‌ಗೆ ಸುದ್ದಿ ಮುಟ್ಟಿಸಿದ. 1960ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಎರಡು ದಿನ ಧ್ವನಿಮುದ್ರಣ ನಡೆಯಿತು, ಪಿಯಾನೊದಲ್ಲಿ ಟಾಮಿ ಫ್ಲಾನಗನ್. ನಾನು ಆ ರಾತ್ರಿ ಹಾಕಿದ್ದು ಅದೇ ಆಲ್ಬಂ. ಎಷ್ಟು ಜೋರು ಮಾಡಿದರೂ ಚುಚ್ಚದು, ಆದರೂ ಪಿಯಾನೊ ಡ್ರಮ್ಸ್ ನಡುವೆ ಒಂದು ಸ್ವರವೂ ಕಳೆದುಹೋಗದು.

ಆಗ ಅವನಿಗೆ ಮೂವತ್ತಾರು ದಾಟಿತ್ತು. ಉಳಿದದ್ದು ಎಂಟೇ ವರ್ಷ. ಕೊನೆಯ ವರ್ಷಗಳಲ್ಲಿ ವಾದ್ಯವೃಂದದೊಂದಿಗೆ ಜನಪ್ರಿಯ ಹಾಡುಗಳ ಧಾಟಿ ನುಡಿಸಿದ. ಗ್ರ್ಯಾಮಿ ಬಂತು, ಹಣ ಬಂತು, ಜಾಝ್ ವಿಮರ್ಶಕರು ಮೂಗು ಮುರಿದರು. ಏಳು ಮಕ್ಕಳ ತಂದೆಯನ್ನು ನಾನಂತೂ ದೂರಲಾರೆ. 1968ರ ಜೂನ್ 15ರ ಬೆಳಿಗ್ಗೆ, ಸ್ವಂತ ಊರಿನಲ್ಲಿ, ಮನೆಯಲ್ಲೇ ಹೃದಯಾಘಾತ. ವಯಸ್ಸು 45.

ಮರುದಿನ ನಮ್ಮ ಗಿಟಾರ್ ಹುಡುಗನಿಗೆ ಪಿಕ್ ಬದಿಗಿಡಲು ಕೇಳಿದೆ. ಮುಖ ಗಂಟಿಕ್ಕಿದ, ವೇಗ ಬರುವುದಿಲ್ಲವೆಂದ. ಅರ್ಧ ದಾರಿಗೆ ಒಪ್ಪಂದವಾಯಿತು. ನಿಧಾನದ ಭಾಗಕ್ಕೆ ಹೆಬ್ಬೆರಳು, ವೇಗದ ಭಾಗಕ್ಕೆ ಪಿಕ್, ಆದರೆ ಬ್ರಿಡ್ಜಿನಿಂದ ದೂರ ಮೀಟಬೇಕು. ಸಣ್ಣದೊಂದು ಆಂಪ್ಲಿಫೈಯರ್ ತರಿಸಿ, ಮೈಕನ್ನು ಸ್ಪೀಕರಿನ ನಡುಭಾಗದಿಂದ ಅಂಚಿನ ಕಡೆಗೆ ಎರಡು ಬೆರಳಿನಷ್ಟು ಸರಿಸಿದೆ. ಈಕ್ವಲೈಸರ್ ಬಹುತೇಕ ಮುಟ್ಟಲಿಲ್ಲ. ನಾಲ್ಕನೇ ಸಲ ಹಾಡು ವಾಪಸ್ ಬರಲಿಲ್ಲ. ದುಡ್ಡು ಬರಲು ಮಾತ್ರ ದೀಪಾವಳಿಯಾಯಿತು.