ದಿವಾನ್ ರಂಗಾಚಾರ್ಲು ಕಂಡ ದಾರಿ

ಮೈಸೂರಿನಿಂದ ಪಶ್ಚಿಮಕ್ಕೆ ಹುಣಸೂರಿನ ಹೆದ್ದಾರಿ ಹಿಡಿದು, ಹಿನಕಲ್ಲನ್ನು ದಾಟಿ ಸಾಗಿದರೆ ಇಲವಾಲ ಸಿಕ್ಕುತ್ತದೆ. ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆಂಟರ ಬಂಗಲೆಯಿಂದ ಹೆಸರಾಗಿ, 1957ರಲ್ಲಿ ವಿನೋಬಾ ಭಾವೆಯವರು ಪಾಲ್ಗೊಂಡ ಗ್ರಾಮದಾನ ಪರಿಷತ್ತಿನಿಂದ ದೇಶಕ್ಕೆಲ್ಲ ಪರಿಚಿತವಾದ ಈ ಊರು ಈಗ ನಗರದ ಬೆಳವಣಿಗೆಯ ಹಾದಿಯಲ್ಲಿದೆ. ನಾಳಿನ ಜನ ಪೇಟೆಗೆ, ಕಾರ್ಖಾನೆಗೆ, ಕಾಲೇಜಿಗೆ ಹೇಗೆ ಹೋಗಿಬರಬೇಕು, ರಸ್ತೆಯೊಂದೇ ಸಾಕೆ, ರೈಲು ಬೇಕೆ, ಬೇಕಾದರೆ ಹಣವೆಲ್ಲಿಂದ ಎಂಬ ಪ್ರಶ್ನೆಗಳು ಇಂಥ ಊರುಗಳಲ್ಲಿ ಏಳುವುದು ಸಹಜ. ಆದರೆ ಇವು ಹೊಸ ಪ್ರಶ್ನೆಗಳಲ್ಲ. ಮೈಸೂರು ಸಂಸ್ಥಾನವು ಅರಸರ ಕೈಗೆ ಮರಳಿ ಬಂದ ದಿನಗಳಲ್ಲಿ, ಬರಿದಾದ ಬೊಕ್ಕಸವನ್ನು ಮುಂದಿಟ್ಟುಕೊಂಡು, ಇವೇ ಪ್ರಶ್ನೆಗಳಿಗೆ ಉತ್ತರ ಹುಡುಕಿದವರು ದಿವಾನ್ ಸಿ. ರಂಗಾಚಾರ್ಲು ಅವರು.

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸಿನ ಸಮೀಪದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಮೈಸೂರಿನ ಆಡಳಿತವು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದದ್ದೂ ಅದೇ ವರ್ಷ. ಆ ಆಡಳಿತವನ್ನು ಮರಳಿ ನೆಲೆಗೊಳಿಸುವ ಭಾರ ಅಂದು ಹುಟ್ಟಿದ ಈ ಶಿಶುವಿನ ಹೆಗಲಿಗೇ ಬರಬೇಕಾಗಿದ್ದಿತೆಂಬುದು ಕಾಲದ ವೈಚಿತ್ರ್ಯ. ಸಿರಿವಂತಿಕೆಯ ಆಸರೆಯಿಲ್ಲದ ಮನೆಯಲ್ಲಿ ಬೆಳೆದು, ಮದರಾಸಿನಲ್ಲಿ ಇಂಗ್ಲಿಷ್ ವಿದ್ಯೆ ಕಲಿತು, ಸರ್ಕಾರದ ಕೆಳದರ್ಜೆಯ ನೌಕರಿಯಿಂದ ತಮ್ಮ ಬುದ್ಧಿಬಲದಿಂದಲೇ ಮೇಲೇರಿದರು. ಇನಾಮು ಜಮೀನುಗಳ ಇತ್ಯರ್ಥದ ಕೆಲಸದಲ್ಲಿ ಅವರು ಪಳಗಿದರು. ದಫ್ತರದ ಅಂಕಿಗಳ ಹಿಂದೆ ರೈತನ ಮುಖವನ್ನು ಕಾಣುವ ಅಭ್ಯಾಸ ಅವರಿಗೆ ಬಂದದ್ದು ಬಹುಶಃ ಅಲ್ಲಿಯೇ.

1868ರಲ್ಲಿ ಮುಮ್ಮಡಿಯವರು ಕಾಲವಾದರು. ಅರಮನೆಯ ಸಾಲ, ಊಳಿಗ, ಆಸ್ತಿಗಳ ಲೆಕ್ಕವನ್ನು ಸರಿಪಡಿಸಲು ರಂಗಾಚಾರ್ಲು ಮೈಸೂರಿಗೆ ಬಂದರು. ಹೊರಗಿನವರಾಗಿ ಬಂದವರು ಈ ನಾಡಿನ ಹಿತವನ್ನೇ ತಮ್ಮ ಹಿತವೆಂದು ಬಗೆದರು. ಬ್ರಿಟಿಷ್ ಆಡಳಿತದ ದುಬಾರಿ ವೆಚ್ಚವನ್ನು ಟೀಕಿಸಿ 1874ರಲ್ಲಿ ಅವರು ಬರೆದ ಕಿರುಹೊತ್ತಗೆಯೊಂದು ಲಂಡನ್ನಿನಲ್ಲಿ ಅಚ್ಚಾಯಿತು. ತಾವು ನೌಕರಿ ಮಾಡುತ್ತಿದ್ದ ಆಡಳಿತವನ್ನೇ ಹೀಗೆ ಪ್ರಶ್ನಿಸುವುದಕ್ಕೆ ಸಾಮಾನ್ಯವಾದ ಧೈರ್ಯ ಸಾಲದು.

ಅಷ್ಟರಲ್ಲಿ ಬಂದಿತು ಧಾತು ಈಶ್ವರದ ಬರ. 1876ರಿಂದ 1878ರವರೆಗೆ ನಾಡು ಅನುಭವಿಸಿದ ಸಂಕಟವನ್ನು ಅಜ್ಜಅಜ್ಜಿಯರು ಬಹುಕಾಲ ನೆನೆದು ನಡುಗುತ್ತಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಈ ಸಾವುಗಳಿಗೆ ಧಾನ್ಯದ ಅಭಾವವೊಂದೇ ಕಾರಣವಲ್ಲ. ಮದರಾಸಿನಿಂದ ಬೆಂಗಳೂರಿಗೆ 1864ರಿಂದಲೇ ರೈಲು ಇತ್ತು. ಹೊರಗಿನ ಧಾನ್ಯ ಬೆಂಗಳೂರಿನ ತನಕ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಹೇರು ಹೊತ್ತ ಜೋಡೆತ್ತಿನ ಗಾಡಿ ದಿನಕ್ಕೆ ನಾಲ್ಕು ಹರದಾರಿ ನಡೆದರೆ ಹೆಚ್ಚು. ಬೆಂಗಳೂರಿನಿಂದ ಮೈಸೂರಿಗೆ ಒಂದು ವಾರ ಬೇಕು. ಅಲ್ಲಿಂದ ಇಲವಾಲ, ಹುಣಸೂರು, ಪಿರಿಯಾಪಟ್ಟಣಗಳ ಕಡೆಗೆ ಇನ್ನೂ ಕೆಲವು ದಿನ. ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಎತ್ತುಗಳೇ ಸಾಯತೊಡಗಿದ ಮೇಲೆ ಗಾಡಿ ಎಳೆಯುವವರಾರು? ಕಮಿಷನರ್ ಕಬ್ಬನ್ನರ ಕಾಲದಲ್ಲಿ ಹಾಕಿದ ಒಳ್ಳೆಯ ರಸ್ತೆಗಳಿದ್ದೂ, ಅವುಗಳ ಮೇಲೆ ಅನ್ನ ಸಾಗಲಿಲ್ಲ.

ಬರದ ಪರಿಹಾರಕ್ಕಾಗಿ ಜನರಿಗೆ ಕೂಲಿ ಒದಗಿಸಬೇಕಾದಾಗ ಕೈಗೊಂಡ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲುದಾರಿಯೂ ಒಂದು. ಹಸಿದ ಜನ ಹೊತ್ತು ಹಾಕಿದ ಮಣ್ಣಿನ ಏರಿಯ ಮೇಲೆ ಆ ದಾರಿ ಮೇಲೆದ್ದಿತೆಂಬುದನ್ನು ನಾವು ಮರೆಯಬಾರದು.

1881ರ ಮಾರ್ಚ್ 25ರಂದು ರಾಜ್ಯ ಮರಳಿ ಬಂದಾಗ ಚಾಮರಾಜೇಂದ್ರ ಒಡೆಯರಿಗೆ ಹದಿನೆಂಟು ವರ್ಷ. ದಿವಾನರಾದ ರಂಗಾಚಾರ್ಲು ಅವರಿಗೆ ದೊರೆತ ಸಂಪತ್ತೆಂದರೆ ಬರದ ಕಾಲದಲ್ಲಿ ಭಾರತ ಸರ್ಕಾರದಿಂದ ತಂದ 80 ಲಕ್ಷ ರೂಪಾಯಿ ಸಾಲ. ವರ್ಷಕ್ಕೆ 24½ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಬೇಕೆಂಬ ನಿಬಂಧನೆ ಬೇರೆ. ನಾಡಿನ ಸ್ಥಿತಿಯನ್ನು ಕಂಡು ಆ ಹೆಚ್ಚಳವನ್ನು ಐದು ವರ್ಷ ಮುಂದೂಡಿದ್ದಷ್ಟೇ ಸಮಾಧಾನ. ಇಂಥ ಸಮಯದಲ್ಲಿ ಲೋಕರೂಢಿಯಂತೆ ನಡೆಯುವವರು ರೈಲಿನ ಕೆಲಸವನ್ನು ನಿಲ್ಲಿಸಿ, ಮೊದಲು ಸಾಲ ತೀರಲಿ ಎನ್ನುತ್ತಿದ್ದರು. ರಂಗಾಚಾರ್ಲು ಅದಕ್ಕೆ ವಿರುದ್ಧವಾದ ದಾರಿ ಹಿಡಿದರು. ಇನ್ನೊಂದು ಬರ ಬರುವ ಮೊದಲೇ ದಾರಿ ಸಿದ್ಧವಾಗಬೇಕು. ರೈತನ ಬೆಳೆಗೆ ದೂರದ ಪೇಟೆ ಸಿಕ್ಕಿದರೆ ಸಾಲ ತೀರಿಸುವ ಶಕ್ತಿಯೂ ಬರುವುದು ಎಂಬುದು ಅವರ ನಿಲುವಾಗಿತ್ತು.

1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಒಟ್ಟು ದೂರ ಸುಮಾರು 86 ಮೈಲಿ. ವೆಚ್ಚ ಕಡಮೆಯೆಂದು ಮೀಟರ್ ಅಳತೆಯ ಕಿರಿದಾದ ದಾರಿಯನ್ನೇ ಹಾಕಿದರು. ಇದರಿಂದ ಸಾಮಾನುಗಳನ್ನು ಬೆಂಗಳೂರಿನಲ್ಲಿ ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ತೊಡಕು ಉಳಿಯಿತು. ದಾರಿ ಅಗಲವಾಗಲು ಇಪ್ಪತ್ತನೆಯ ಶತಮಾನದ ಕೊನೆಯ ದಶಕ ಬರಬೇಕಾಯಿತು. ಆದರೂ ಹಣವಿಲ್ಲದ ಕಾಲದಲ್ಲಿ ಅಗಲವಾದ ದಾರಿಯ ಕನಸು ಕಾಣುತ್ತ ಕುಳಿತಿದ್ದರೆ ಕಿರಿದಾದ ದಾರಿಯೂ ಆಗುತ್ತಿರಲಿಲ್ಲ.

ಅವರ ಇನ್ನೊಂದು ಕೊಡುಗೆ ಇದಕ್ಕಿಂತ ಹಿರಿದು. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ತಾಲ್ಲೂಕುಗಳ ರೈತರು, ಜಿಲ್ಲೆಗಳ ವರ್ತಕರು ಸೇರಿ 144 ಮಂದಿ. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ; ಕೇಳಬಹುದು, ಕಷ್ಟ ಹೇಳಿಕೊಳ್ಳಬಹುದು, ಅಷ್ಟೆ. ಆದರೂ ದಿವಾನರೇ ಎದ್ದು ನಿಂತು ಆಡಳಿತದ ವರದಿಯನ್ನು ಅವರ ಮುಂದಿಟ್ಟರು; ರೈಲುದಾರಿಯ ಮಾತೂ ಅದರಲ್ಲಿ ಸೇರಿತ್ತು. ದಾರಿ ಎಲ್ಲಿಗೆ ಹೋಗಬೇಕೆಂಬುದನ್ನು ಆ ದಾರಿಯಲ್ಲಿ ನಡೆಯುವವರ ಎದುರಿನಲ್ಲಿ ಆಡುವ ಪದ್ಧತಿಗೆ ಹೀಗೆ ಮೊದಲಾಯಿತು.

ಇಷ್ಟು ಹೇಳಿ, ಅವರ ಕುಂದನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಹಣ ಉಳಿಸಲು ಅವರು ಆಡಳಿತವನ್ನು ಕಠಿಣವಾಗಿ ಮೊಟಕುಗೊಳಿಸಿದರು. ನ್ಯಾಯಾಲಯಗಳನ್ನೂ ಸೆರೆಮನೆಗಳನ್ನೂ ಕಡಮೆ ಮಾಡಿದ್ದಲ್ಲದೆ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನ, ಚಿತ್ರದುರ್ಗಗಳು ಜಿಲ್ಲೆಯ ಪದವಿ ಕಳೆದುಕೊಂಡವು. ಅರ್ಜಿ ಹಿಡಿದು ಹೊರಟ ಮಲೆನಾಡಿನ ರೈತನಿಗೆ ಕಚೇರಿ ದೂರವಾಯಿತು. ಆ ದೂರವನ್ನು ಹತ್ತಿರ ಮಾಡುವ ರೈಲು ಅವನ ಕಡೆಗೆ ಇನ್ನೂ ಹೊರಟಿರಲಿಲ್ಲ. ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಜಿಲ್ಲೆಗಳು ಮತ್ತೆ ಏರ್ಪಟ್ಟವು. ಮೈಸೂರಿನಿಂದ ಹಾಸನದ ಮಾರ್ಗವಾಗಿ ಅರಸೀಕೆರೆಗೆ ರೈಲು ತೆರೆದದ್ದು 1918ರಲ್ಲಿ. ಬೆಳಗೊಳದ ಮೂಲಕ ಇಲವಾಲದ ಉತ್ತರಕ್ಕೆ ಹಾದುಹೋಗುವ ದಾರಿ ಅದೇ. ಹೊಸ ಸೌಕರ್ಯ ಕೈಗೆ ಬರುವ ಮುಂಚೆ ಹಳೆಯ ಸೌಕರ್ಯವನ್ನು ಕಿತ್ತುಕೊಳ್ಳಬಾರದೆಂಬ ಪಾಠವನ್ನು ರಂಗಾಚಾರ್ಲು ತಮ್ಮ ತಪ್ಪಿನಿಂದಲೇ ನಮಗೆ ಬಿಟ್ಟುಹೋದರು.

ದಿವಾನಗಿರಿಯ ಭಾರಕ್ಕೆ ಅವರ ದೇಹ ಬಹುಬೇಗ ಬಳಲಿತು. 1883ರ ಜನವರಿ 20ರಂದು ಮದರಾಸಿನಲ್ಲಿ ಅವರು ತೀರಿಕೊಂಡಾಗ ದಿವಾನರಾಗಿ ಎರಡು ವರ್ಷವೂ ತುಂಬಿರಲಿಲ್ಲ. ರೈಲು ಮರುವರ್ಷ, 1884ರಲ್ಲಿ, ತುಮಕೂರನ್ನು ಸೇರಿತು. 1889ರಲ್ಲಿ ಹರಿಹರವನ್ನು, 1891ರಲ್ಲಿ ನಂಜನಗೂಡನ್ನು ತಲಪಿತು. ಇವುಗಳಲ್ಲಿ ಒಂದರ ಮೇಲೂ ಅವರು ಪ್ರಯಾಣ ಮಾಡಲಿಲ್ಲ.

ಮೈಸೂರಿನ ಪುರಭವನ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಹುಣಸೂರಿನ ಮಾರ್ಗವಾಗಿ ಕುಶಾಲನಗರಕ್ಕೆ ರೈಲು ಬರಬೇಕೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಇಲವಾಲದ ಹೆದ್ದಾರಿಯಲ್ಲಿ ಬಸ್ಸಿಗಾಗಿ ಕಾಯುವವರೂ ಆ ಮಾತನ್ನು ಆಡುತ್ತಾರೆ. ಅದು ಬರಲಿ, ಬಾರದಿರಲಿ, ಯೋಜನೆ ಹಾಕುವವರು ಒಮ್ಮೆ ಆ ಪುರಭವನದ ಮುಂದೆ ನಿಂತು ಯೋಚಿಸುವುದು ಒಳ್ಳೆಯದು. ನಾಡು ಬಡವಾಗಿದ್ದಾಗಲೂ ಮುಂದಿನವರಿಗಾಗಿ ದಾರಿ ಹಾಕಬಹುದು. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಅವರ ಮುಖ ನೋಡಿಯೇ ಹೇಳಬೇಕು.